ಜರ್ಮನಿಗೆ ಓದಲು ಹೋದ ಮೊದಲ ತಿಂಗಳು: ಆನ್‌ಮೆಲ್ಡುಂಗ್ (ವಿಳಾಸದ ನೋಂದಣಿ), ಬ್ಯಾಂಕ್, ವಿಮೆ, ಮನೆ – ಯಾವುದು ಮೊದಲು?

ಪುಟ್ಟಚೀಲ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಡ್ರೆಸ್ಡೆನ್‌ನಲ್ಲಿ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ. ಸೆಪ್ಟೆಂಬರ್ 24ಕ್ಕೆ ಇಳಿಯುತ್ತೇನೆ, ವೀಸಾ ಜನವರಿ 15ರವರೆಗೆ ಇದೆ. ವೀಸಾಗಾಗಿ ಖರ್ಚಿನ ದುಡ್ಡು ಕೂಡಿಟ್ಟು ತೋರಿಸುವ ಬ್ಲಾಕ್ಡ್ ಅಕೌಂಟಿಗೆ 11,904 ಯೂರೊ ಕಟ್ಟಿಯಾಗಿದೆ. ಸ್ಟುಡಿಯೆರೆಂಡನ್‌ವೆರ್ಕ್ (ವಿದ್ಯಾರ್ಥಿ ಸೇವಾ ಸಂಸ್ಥೆ) ಹಾಸ್ಟೆಲಿಗೆ ಅರ್ಜಿ ಹಾಕಿದ್ದೇನೆ, ಇನ್ನೂ ವೇಟಿಂಗ್ ಲಿಸ್ಟು. ಸದ್ಯಕ್ಕೆ ಅಕ್ಟೋಬರ್ 20ರವರೆಗೆ ಒಂದು ಸಬ್‌ಲೆಟ್ ರೂಮು ಸಿಕ್ಕಿದೆ, ಆದರೆ ಅದನ್ನು ಕೊಡುವವರು ಆನ್‌ಮೆಲ್ಡುಂಗ್ ಮಾಡಿಸಿಕೊಡಲ್ಲ ಅಂದಿದ್ದಾರೆ.

ಓದಿದಷ್ಟೂ ತಲೆ ಕೆಡುತ್ತಿದೆ. ಬ್ಯಾಂಕ್ ಖಾತೆಗೆ ಆನ್‌ಮೆಲ್ಡುಂಗ್ ಬೇಕು, ಬ್ಲಾಕ್ಡ್ ಅಕೌಂಟಿನ ದುಡ್ಡು ಕೈಗೆ ಬರಲು ಬ್ಯಾಂಕ್ ಖಾತೆ ಬೇಕು, ಮನೆಗೆ ಡಿಪಾಸಿಟ್ ಕೊಡಲು ಆ ದುಡ್ಡು ಬೇಕು, ಆನ್‌ಮೆಲ್ಡುಂಗ್‌ಗೆ ಮನೆ ಬೇಕು. ಎಲ್ಲಿಂದ ಶುರು ಮಾಡಲಿ? ಎರಡು ವಾರದೊಳಗೆ ನೋಂದಣಿ ಆಗದಿದ್ದರೆ ದಂಡ ಅಂತಾರೆ, ನಿಜವಾ? ಇನ್ನೊಂದು: ಪಾಸ್‌ಪೋರ್ಟಿನಲ್ಲಿ ನನ್ನ ಸರ್‌ನೇಮ್ ಜಾಗ ಖಾಲಿ, ಹೆಸರು ಇನಿಷಿಯಲ್ ಎಲ್ಲ ಗಿವನ್ ನೇಮ್‌ನಲ್ಲೇ ಇದೆ. ಅದರಿಂದ ಏನಾದರೂ ತೊಡಕು?

ಕಾಗದಪತ್ರ ಉತ್ತರಿಸಿದ್ದು:

ಮೊದಲು ದಂಡದ ಭಯ ಬಿಡಿ. ಮನೆಗೆ ಹೋದ ಎರಡು ವಾರದೊಳಗೆ ನೋಂದಾಯಿಸಬೇಕು ಅನ್ನುವುದು ಕಾನೂನಿನಲ್ಲಿ ಇರುವುದು ನಿಜ, ತಪ್ಪಿದರೆ 1,000 ಯೂರೊವರೆಗೆ ದಂಡ ಹಾಕಬಹುದು ಅನ್ನುವುದೂ ನಿಜ. ಆದರೆ ಅದೇ ಕಾನೂನಿನಲ್ಲಿ, ಹೊರದೇಶದಿಂದ ಬಂದು ಹಾಸ್ಟೆಲ್, ಹೋಟೆಲ್ ಅಥವಾ ಯಾರದೋ ಮನೆಯಲ್ಲಿ ತಾತ್ಕಾಲಿಕವಾಗಿ ಉಳಿದವರಿಗೆ ಮೂರು ತಿಂಗಳ ವಿನಾಯಿತಿಯೂ ಇದೆ. ನಾಲ್ಕು ವಾರದ ಸಬ್‌ಲೆಟ್‌ಗೆ ಯಾರೂ ನಿಮ್ಮ ಬೆನ್ನು ಹತ್ತುವುದಿಲ್ಲ. ಕಾಯಂ ಮನೆಗೆ ಹೋದ ದಿನದಿಂದ ಎರಡು ವಾರ ಎಣಿಸಿ.

ನಿಮಗಿರುವ ನಿಜವಾದ ಗಡುವು ಜನವರಿ 15. ವೀಸಾ ಮುಗಿಯುವ ಮೊದಲು ಆ ಊರಿನ ಔಸ್‌ಲೆಂಡರ್‌ಬೆಹೋರ್ಡೆಗೆ (ವಿದೇಶಿಯರ ಕಚೇರಿ) ರೆಸಿಡೆನ್ಸ್ ಪರ್ಮಿಟ್ ಅರ್ಜಿ ಹೋಗಿರಬೇಕು, ಅವರು ಕೇಳುವ ಮೊದಲ ಕಾಗದವೇ ಆನ್‌ಮೆಲ್ಡುಂಗ್. ಹಾಗಾಗಿ ನವೆಂಬರ್ ಮುಗಿಯುವಷ್ಟರಲ್ಲಿ ನೋಂದಣಿ ಆಗುವಂಥ ಮನೆ ಹಿಡಿಯುವುದೇ ದೊಡ್ಡ ಕೆಲಸ, ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ನೋಂದಣಿಗೆ ಬೇಕಾದದ್ದು: ಪಾಸ್‌ಪೋರ್ಟ್ ಮತ್ತು ವೀಸಾ, ಊರಿನ ನೋಂದಣಿ ಫಾರ್ಮು, ಜೊತೆಗೆ ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್. ಹೆಸರು ಮಾತ್ರ ಮಾರುದ್ದ, ಇರುವುದು ಒಂದೇ ಪುಟ: ಮನೆ ಕೊಟ್ಟವರ ಹೆಸರು ವಿಳಾಸ, ಅವರೇ ಮಾಲೀಕರಲ್ಲದಿದ್ದರೆ ಮಾಲೀಕರ ಹೆಸರು, ನೀವು ಹೊಕ್ಕ ತಾರೀಖು, ಮನೆಯ ವಿಳಾಸ, ನಿಮ್ಮ ಹೆಸರು, ಅವರ ಸಹಿ. ಇಲ್ಲಿ ಮೂರು ಕಡೆ ಜನ ಎಡವುತ್ತಾರೆ. ಬಾಡಿಗೆ ಕರಾರು ತೋರಿಸಿದರೆ ಸಾಕು ಅಂದುಕೊಳ್ಳುತ್ತಾರೆ, ಸಾಲದು, ಈ ಹಾಳೆಯೇ ಬೇಕು. ಹೊಕ್ಕುವ ಮೊದಲೇ ನೋಂದಣಿಗೆ ಹೋಗುತ್ತಾರೆ, ಮುಂದಿನ ತಾರೀಖಿಗೆ ಅವರು ಮಾಡಿಕೊಡುವುದಿಲ್ಲ. ಮೂರನೆಯದು, ಶೇರ್ಡ್ ಫ್ಲಾಟಿನಲ್ಲಿ ಕಟ್ಟಡದ ಮಾಲೀಕರೇ ಸಹಿ ಹಾಕಬೇಕು ಅಂತ ಕಾಯುತ್ತಾ ಕೂರುತ್ತಾರೆ. ನೀವು ಒಳಬಾಡಿಗೆದಾರರಾಗಿದ್ದರೆ ನಿಮಗೆ ರೂಮು ಕೊಟ್ಟ ಮುಖ್ಯ ಬಾಡಿಗೆದಾರರ ಸಹಿಯೇ ನಡೆಯುತ್ತದೆ.

ಅಪಾಯಿಂಟ್‌ಮೆಂಟ್ ಸ್ಲಾಟು ಖಾಲಿ ಕಾಣದಿದ್ದರೆ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಮತ್ತೆ ನೋಡಿ, ರದ್ದಾದವು ಆಗ ಬರುತ್ತವೆ. ಊರಿನ ಯಾವ ಬಡಾವಣೆಯ ಕಚೇರಿಯಾದರೂ ಆಗುತ್ತದೆ, ಮನೆ ಹತ್ತಿರದ್ದೇ ಬೇಕೆಂದಿಲ್ಲ. ಸ್ಲಾಟು ಎರಡು ವಾರ ದಾಟಿ ಸಿಕ್ಕಿದರೆ ಬುಕ್ ಮಾಡಿದ ಇಮೇಲನ್ನು ಜೋಪಾನವಾಗಿಟ್ಟುಕೊಳ್ಳಿ.

ಫಾರ್ಮಿನಲ್ಲಿ ಧರ್ಮ ಕೇಳುವ ಜಾಗ ಇರುತ್ತದೆ, ಅದು ಚರ್ಚ್ ತೆರಿಗೆಗಾಗಿ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟೆಂಟ್ ಅಂತ ಬರೆದವರಿಗೆ ಮುಂದೆ ಆದಾಯ ತೆರಿಗೆಯ ಮೇಲೆ 8 ಅಥವಾ 9 ಶೇಕಡಾ ಸೇರುತ್ತದೆ. ಉಳಿದವರಿಗೆ ಇದರಿಂದ ಏನೂ ಇಲ್ಲ.

ಸುಳ್ಳು ವಿಳಾಸದ ಕಾಗದ ದುಡ್ಡಿಗೆ ಮಾರುವವರು ಸಿಗುತ್ತಾರೆ. ಆ ಕಡೆ ತಲೆ ಹಾಕಬೇಡಿ. ವಾಸವಿಲ್ಲದ ಮನೆಗೆ ವಿಳಾಸ ಕೊಡುವುದಕ್ಕೆ ದಂಡ 50,000 ಯೂರೊವರೆಗೆ ಇದೆ. ಅದಿರಲಿ, ನಿಮ್ಮ ತೆರಿಗೆ ಸಂಖ್ಯೆ, ಬ್ಯಾಂಕ್ ಕಾರ್ಡು, ವಿಮೆ ಕಾರ್ಡು ಎಲ್ಲವೂ ಆ ವಿಳಾಸಕ್ಕೆ ಅಂಚೆಯಲ್ಲೇ ಹೋಗುತ್ತವೆ.

ರೈನ್‌ದಡ ಉತ್ತರಿಸಿದ್ದು:

ಕಾಗದಪತ್ರ ಅವರು ನೋಂದಣಿ ಬಗ್ಗೆ ಹೇಳಿಯಾಗಿದೆ, ನಾನು ಬ್ಯಾಂಕು, ವಿಮೆ, ಹೆಸರಿನ ಬಗ್ಗೆ ಬರೆಯುತ್ತೇನೆ.

ನೀವು ಹೇಳಿದ ಸುತ್ತು ಬ್ಯಾಂಕಿನ ಜಾಗದಲ್ಲಿ ಬಿಡಿಸಿಕೊಳ್ಳುತ್ತದೆ. ಬ್ಲಾಕ್ಡ್ ಅಕೌಂಟ್ ಬೇರೆ, ದಿನಬಳಕೆಯ ಗೀರೊಕೊಂಟೊ ಬೇರೆ. ಮೊದಲನೆಯದರಿಂದ ಎರಡನೆಯದಕ್ಕೆ ತಿಂಗಳಿಗೆ 992 ಯೂರೊ ಬಂದು ಬೀಳುತ್ತದೆ, ಅಷ್ಟೆ. ಎಲ್ಲ ಬ್ಯಾಂಕುಗಳೂ ಆನ್‌ಮೆಲ್ಡುಂಗ್ ಕೇಳುವುದಿಲ್ಲ. ಆ್ಯಪ್ ಬ್ಯಾಂಕುಗಳಲ್ಲಿ ಕೆಲವಕ್ಕೆ ಪಾಸ್‌ಪೋರ್ಟು ಮತ್ತು ಅಂಚೆ ತಲುಪುವ ವಿಳಾಸ ಇದ್ದರೆ ಸಾಕು. ಗುರುತು ಪರಿಶೀಲನೆ ಹೇಗೆ ಮಾಡುತ್ತಾರೆ ಅನ್ನುವುದನ್ನು ಅರ್ಜಿ ಹಾಕುವ ಮೊದಲೇ ನೋಡಿ. ವಿಡಿಯೊ ಕಾಲ್‌ನಲ್ಲಿ ಭಾರತೀಯ ಪಾಸ್‌ಪೋರ್ಟನ್ನು ಒಪ್ಪದ ಬ್ಯಾಂಕುಗಳಿವೆ. ಪೋಸ್ಟ್‌ಇಡೆಂಟ್ ಇದ್ದರೆ ಅಂಚೆ ಕಚೇರಿಗೆ ಪಾಸ್‌ಪೋರ್ಟ್ ಹಿಡಿದುಕೊಂಡು ಹೋಗಿ ಮುಗಿಸಬಹುದು. ಎಲ್ಲರೂ ಇಲ್ಲ ಅಂದರೆ ಬಾಸಿಸ್‌ಕೊಂಟೊ (ಮೂಲ ಸೌಲಭ್ಯದ ಖಾತೆ) ಅರ್ಜಿ ಕೊಡಿ. ಕಾನೂನುಬದ್ಧವಾಗಿ ಇಲ್ಲಿರುವ ಯಾರಿಗೂ ಆ ಖಾತೆಯ ಹಕ್ಕಿದೆ, ಬ್ಯಾಂಕ್ ಹತ್ತು ಕೆಲಸದ ದಿನದೊಳಗೆ ಉತ್ತರ ಕೊಡಬೇಕು.

ಬ್ಲಾಕ್ಡ್ ಅಕೌಂಟ್ ಕಂಪನಿಗೆ ಈಗಲೇ ಒಂದು ಇಮೇಲ್ ಹಾಕಿ: ಆ್ಯಕ್ಟಿವೇಷನ್‌ಗೆ ಆನ್‌ಮೆಲ್ಡುಂಗ್ ಬೇಕೇ, ಅಥವಾ ವೀಸಾ ಪುಟ ಮತ್ತು ಐಬ್ಯಾನ್ (ಬ್ಯಾಂಕ್ ಖಾತೆಯ ಸಂಖ್ಯೆ) ಸಾಕೇ? ಕಂಪನಿಯಿಂದ ಕಂಪನಿಗೆ ಇದು ಬೇರೆ. ಏನೇ ಆದರೂ ಮೊದಲ ಕಂತು ಇಳಿದ ವಾರದಲ್ಲೇ ಬರುತ್ತದೆ ಅಂತ ಲೆಕ್ಕ ಹಾಕಬೇಡಿ, ಮೊದಲ ತಿಂಗಳಿನ ಖರ್ಚು ಕೈಯಲ್ಲಿರಲಿ.

ವಿಮೆ ಮಾತ್ರ ಎಲ್ಲಕ್ಕಿಂತ ಮೊದಲು, ಯಾಕೆಂದರೆ ಅದಿಲ್ಲದೆ ಅಡ್ಮಿಷನ್ ಪೂರ್ತಿಯಾಗುವುದಿಲ್ಲ. 30 ವರ್ಷದೊಳಗಿನವರಿಗೆ ಸರ್ಕಾರಿ ವಿಮೆಯ ವಿದ್ಯಾರ್ಥಿ ದರ ಸಿಗುತ್ತದೆ, ತಿಂಗಳಿಗೆ 150 ಯೂರೊ ಆಸುಪಾಸು. ಮಕ್ಕಳಿಲ್ಲದೆ 23 ತುಂಬಿದ್ದರೆ ಐದು ಯೂರೊ ಚಿಲ್ಲರೆ ಹೆಚ್ಚು. ವಿಮಾ ಸಂಸ್ಥೆ ಟೆಕ್ನಿಕರ್, ಎಒಕೆ, ಬಾರ್ಮರ್, ಡಿಎಕೆ ಯಾವುದಾದರೂ ಸರಿ, ಚಿಕಿತ್ಸೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಇಂಗ್ಲಿಷಿನಲ್ಲಿ ಉತ್ತರ ಕೊಡುವುದನ್ನು ನೋಡಿ ಆರಿಸಿ. ನೀವು ವಿಶ್ವವಿದ್ಯಾಲಯಕ್ಕೆ ಕಾಗದ ಒಯ್ಯಬೇಕಿಲ್ಲ, ವಿಮಾ ಸಂಸ್ಥೆಯೇ ಎಲೆಕ್ಟ್ರಾನಿಕ್ ಆಗಿ ತಿಳಿಸುತ್ತದೆ. "ಯೂನಿವರ್ಸಿಟಿಗೆ ಮಾಹಿತಿ ಕಳಿಸಿ" ಅಂತ ಅವರಿಗೆ ನೀವು ಹೇಳಿರಬೇಕು, ಅಷ್ಟು ಸಾಕು.

ಈ ವಿಮೆ ಸೆಮೆಸ್ಟರ್ ಶುರುವಾಗುವ ಅಕ್ಟೋಬರ್ 1ರಿಂದ ಲೆಕ್ಕ. ಸೆಪ್ಟೆಂಬರ್ 24ರಿಂದ 30ರವರೆಗೆ ಟ್ರಾವೆಲ್ ಇನ್ಶೂರೆನ್ಸೇ ಗತಿ, ಆ ಪಾಲಿಸಿಯ ತಾರೀಖು ನೋಡಿಕೊಳ್ಳಿ.

ಅಗ್ಗ ಅಂತ ಖಾಸಗಿ ವಿಮೆಗೆ ಹೋಗಿ ಸರ್ಕಾರಿ ವಿಮೆಯಿಂದ ವಿನಾಯಿತಿ ಬರೆಸಿಕೊಂಡರೆ ಓದು ಮುಗಿಯುವವರೆಗೆ ವಾಪಸ್ ಬರಲು ಬಾಗಿಲಿಲ್ಲ. ಏಜೆಂಟರು ಈ ಮಾತು ಎತ್ತುವುದೇ ಇಲ್ಲ. ಇನ್ನೊಂದು, ಪ್ರೀಮಿಯಂ ಬಾಕಿ ಉಳಿಸಿಕೊಂಡರೆ ವಿಮಾ ಸಂಸ್ಥೆ ಯೂನಿವರ್ಸಿಟಿಗೆ ತಿಳಿಸುತ್ತದೆ, ಮುಂದಿನ ಸೆಮೆಸ್ಟರಿನ ಮರುನೋಂದಣಿ ಅಲ್ಲೇ ನಿಲ್ಲುತ್ತದೆ. ಬ್ಯಾಂಕ್ ಖಾತೆ ತೆರೆದ ದಿನವೇ ಆಟೊ ಡೆಬಿಟ್ ಕೊಟ್ಟುಬಿಡಿ.

ಹೆಸರು: ಕನ್ನಡಿಗರಲ್ಲಿ ಇದು ಬಹಳ. ಅಡ್ಮಿಷನ್, ವಿಮೆ, ಬ್ಯಾಂಕ್, ನೋಂದಣಿ ಇವುಗಳ ಫಾರ್ಮುಗಳು ಸರ್‌ನೇಮ್ ಕಡ್ಡಾಯ ಅನ್ನುತ್ತವೆ. ಒಂದು ಕಡೆ ಇನಿಷಿಯಲ್ ಬಿಡಿಸಿ ತಂದೆಯ ಹೆಸರು, ಇನ್ನೊಂದು ಕಡೆ ಹೆಸರನ್ನೇ ಎರಡು ಸಲ, ಮತ್ತೊಂದು ಕಡೆ ಚುಕ್ಕಿ ಹಾಕಿದರೆ ಕಂಪ್ಯೂಟರಿನ ಲೆಕ್ಕಕ್ಕೆ ಮೂವರು ಮನುಷ್ಯರಾಗುತ್ತೀರಿ. ವಿಮಾ ಸಂಸ್ಥೆ ಕಳಿಸಿದ ಮಾಹಿತಿ ಯೂನಿವರ್ಸಿಟಿಯ ದಾಖಲೆಗೆ ಹೊಂದದೆ ನಿಂತುಹೋಗುವುದು ಹೀಗೆಯೇ. ಅಡ್ಮಿಷನ್ ಪತ್ರದಲ್ಲಿ ಹೇಗಿದೆಯೋ ಹಾಗೇ ಎಲ್ಲೆಡೆ ತುಂಬಿ, ಪಾಸ್‌ಪೋರ್ಟ್ ಸ್ಕ್ಯಾನ್ ಜೊತೆಗೆ ಕಳಿಸಿ. ವೀಸಾ ಸ್ಟಿಕ್ಕರಿನಲ್ಲಿ ಬೇರೆ ಥರ ಬಂದಿದ್ದರೆ ಇಳಿಯುವ ಮೊದಲೇ ಯೂನಿವರ್ಸಿಟಿಗೆ ಬರೆಯಿರಿ.

ಟಪಾಲು ಡಬ್ಬಿಯ ಮೇಲೂ ಅದೇ ಹೆಸರು ಇರಬೇಕು. ಇಲ್ಲಿ ಫ್ಲಾಟ್ ನಂಬರಿಗೆ ಬೆಲೆಯಿಲ್ಲ, ಅಂಚೆಯವರು ಡಬ್ಬಿ ಮೇಲಿನ ಹೆಸರು ನೋಡಿಯೇ ಹಾಕುವುದು. ನಿಮ್ಮ ಹೆಸರು ಅಲ್ಲಿಲ್ಲದಿದ್ದರೆ ಪತ್ರ ತಿರುಗಿ ಹೋಗುತ್ತದೆ, ನಿಮಗೆ ಸುದ್ದಿಯೂ ಇರುವುದಿಲ್ಲ. ಬ್ಯಾಂಕಿನ ಕಾರ್ಡು ಒಂದು ದಿನ, ಪಿನ್ ಇನ್ನೊಂದು ದಿನ ಬರುವುದರಿಂದ ಒಂದು ಸಿಕ್ಕಿ ಇನ್ನೊಂದು ಸಿಗದೆ ಪರದಾಡುವುದೂ ಉಂಟು. ರೂಮಿಗೆ ಹೋದ ದಿನವೇ, ರೂಮು ಕೊಟ್ಟವರನ್ನು ಕೇಳಿ, ಒಂದು ಚೀಟಿ ಬರೆದು ಟೇಪು ಅಂಟಿಸಿ.

ಮೂರುಸೀಟಿ ಉತ್ತರಿಸಿದ್ದು:

ಮನೆ ದುಡ್ಡಿನ ಲೆಕ್ಕ ನನ್ನದು.

ಜಾಹೀರಾತಿನಲ್ಲಿ ಎರಡು ಅಂಕಿ ಇರುತ್ತವೆ. ಕಾಲ್ಟ್‌ಮೀಟೆ ಅಂದರೆ ಬರೀ ಜಾಗದ ಬಾಡಿಗೆ, ವಾರ್ಮ್‌ಮೀಟೆ ಅಂದರೆ ಹೀಟಿಂಗ್, ನೀರು, ಕಸ ಇತ್ಯಾದಿ ಸೇರಿಸಿದ್ದು. ವಾರ್ಮ್ ಅಂದಮಾತ್ರಕ್ಕೆ ಕರೆಂಟು, ಇಂಟರ್ನೆಟ್ ಸೇರಿರಬೇಕೆಂದಿಲ್ಲ, ಬಿಡಿಸಿ ಕೇಳಿ. ಡಿಪಾಸಿಟ್ ಕಾನೂನು ಪ್ರಕಾರ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಸಮ ಕಂತಿನಲ್ಲಿ ಕಟ್ಟುವ ಹಕ್ಕು ನಿಮಗಿದೆ: ಮೊದಲನೆಯದು ಬಾಡಿಗೆ ಶುರುವಾದಾಗ, ಉಳಿದೆರಡು ಮುಂದಿನ ಎರಡು ತಿಂಗಳ ಬಾಡಿಗೆ ಜೊತೆ. ಕಾಲ್ಟ್ 330, ವಾರ್ಮ್ 430 ಇರುವ ರೂಮಾದರೆ ಮೊದಲ ತಿಂಗಳು 430 ಮತ್ತು 330 ಸೇರಿ 760 ಯೂರೊ. ಒಂದೇ ಸಲ ಕೊಟ್ಟರೆ 1,420. ಬ್ಲಾಕ್ಡ್ ಅಕೌಂಟಿನ 992ರಲ್ಲಿ ಇದು ಹೊಂದುವುದಿಲ್ಲ, ಅದಕ್ಕೇ ಬೇರೆ ದುಡ್ಡು ಇಟ್ಟುಕೊಂಡು ಬರಬೇಕು ಅನ್ನುವುದು. ನಗದು 10,000 ಯೂರೊ ಮುಟ್ಟಿದರೆ ಕಸ್ಟಮ್ಸ್‌ಗೆ ಘೋಷಿಸಬೇಕು, ವಿದ್ಯಾರ್ಥಿಗೆ ಅಷ್ಟು ನಗದು ಬೇಕಾಗುವುದೂ ಇಲ್ಲ.

"ನಾನು ಸದ್ಯ ಬೇರೆ ದೇಶದಲ್ಲಿದ್ದೇನೆ, ದುಡ್ಡು ಕಳಿಸಿ, ಬೀಗದ ಕೈ ಕೊರಿಯರ್ ಮಾಡ್ತೀನಿ" ಅಂದವರೆಲ್ಲ ಮೋಸಗಾರರು. ವಿನಾಯಿತಿಯೇ ಇಲ್ಲ. ಊರಿನ ಮಧ್ಯದಲ್ಲಿ ಅರ್ಧ ಬೆಲೆಗೆ ಸಿಗುವ ಮನೆಯೂ ಅಷ್ಟೆ. ಮನೆ ಕಣ್ಣಿಂದ ನೋಡಿ, ಇಲ್ಲವೇ ಅಲ್ಲಿರುವ ಪರಿಚಯದವರಿಗೆ ನೋಡಲು ಹೇಳಿ, ಆಮೇಲೆ ದುಡ್ಡಿನ ಮಾತು.

ಕೀ ಕೈಗೆ ಬಂದ ದಿನ ಊಬರ್‌ಗಾಬೆಪ್ರೊಟೊಕೋಲ್ ಅನ್ನುವ ಪಟ್ಟಿಗೆ ಸಹಿ ಹಾಕಿಸುತ್ತಾರೆ. ನೆಲದ ಗೀರು, ಸಿಂಕಿನ ಬಿರುಕು, ಗೋಡೆಯ ಮೊಳೆ ತೂತು, ಮೀಟರ್ ರೀಡಿಂಗ್ ಎಲ್ಲ ಅದರಲ್ಲಿ ಬರೆಸಿ, ಫೋಟೊ ತೆಗೆಯಿರಿ. ಬಿಡುವ ದಿನ ಡಿಪಾಸಿಟ್ ಉಳಿಸುವುದು ಆ ಹಾಳೆ.

ಡಿಪಾಸಿಟ್ ಹೋಗುವ ದೊಡ್ಡ ದಾರಿ ಬೂಷ್ಟು. ಚಳಿಗೆ ಕಿಟಕಿ ಮುಚ್ಚಿ, ಒಳಗೆ ಬಟ್ಟೆ ಒಣಗಿಸಿ, ಅನ್ನ ಬೇಳೆ ಬೇಯಿಸಿದರೆ ಹಬೆಯೆಲ್ಲ ಹೊರಗೋಡೆಯ ಮೂಲೆಯಲ್ಲಿ ಕೂತು ಜನವರಿ ಹೊತ್ತಿಗೆ ಕಪ್ಪು ಚುಕ್ಕಿ ಏಳುತ್ತವೆ. ಕಿಟಕಿಯನ್ನು ಓರೆ ಮಾಡಿ ದಿನವಿಡೀ ಬಿಡುವುದರಿಂದ ಗೋಡೆ ತಣ್ಣಗಾಗಿ ಇನ್ನೂ ಕೆಡುತ್ತದೆ. ಹೀಟರ್ ಆರಿಸಿ, ಕಿಟಕಿ ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ, ದಿನಕ್ಕೆ ಎರಡು ಮೂರು ಸಲ. ಅಡುಗೆ ಆದ ಕೂಡಲೇ ಇನ್ನೊಂದು ಸಲ. ಮಂಚ, ಬೀರು ಹೊರಗೋಡೆಗೆ ಅಂಟದಂತೆ ಒಂದು ಗೇಣು ಬಿಡಿ.

ಸೂಟ್‌ಕೇಸಿನ ಬಗ್ಗೆ ಎರಡೇ ಮಾತು. ತುಪ್ಪ, ಪೇಡ, ಪನೀರು, ಯಾವ ಹಾಲಿನ ಪದಾರ್ಥವನ್ನೂ ಯುರೋಪಿಯನ್ ಒಕ್ಕೂಟದ ಹೊರಗಿಂದ ತರುವಂತಿಲ್ಲ, ಮಾಂಸವೂ ಇಲ್ಲ. ಅಮ್ಮನ ಮನಸ್ಸಿಗೆ ಬೇಜಾರಾದರೂ ತೆಗೆದಿಡಿ. ಸಾರಿನ ಪುಡಿ, ಚಟ್ನಿಪುಡಿಗೆ ಅಡ್ಡಿಯಿಲ್ಲ. ಕುಕ್ಕರ್ ತರುವುದಾದರೆ ಇಂಡಕ್ಷನ್ ತಳದ ಸ್ಟೀಲಿನದು ತನ್ನಿ, ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯ ಮೇಲೆ ಬಿಸಿಯೇ ಆಗದು.

ಪುಟ್ಟಚೀಲ:

ತುಂಬಾ ಥ್ಯಾಂಕ್ಸ್. ಸಬ್‌ಲೆಟ್ ಆದ ಮೇಲೆ ನವೆಂಬರ್ 1ರಿಂದ ಒಂದು ಶೇರ್ಡ್ ಫ್ಲಾಟಿನವರು ರೂಮು ಕೊಡ್ತೀವಿ, ನೋಂದಣಿಗೂ ಸಹಿ ಹಾಕ್ತೀವಿ ಅಂದಿದ್ದಾರೆ. ಹಾಗಾದರೆ ರೆಸಿಡೆನ್ಸ್ ಪರ್ಮಿಟ್ಟಿಗೆ ಟೈಮು ಸಾಕಾ? ಡಿಸೆಂಬರಿನಲ್ಲಿ ಅಕ್ಕನ ಮದುವೆಗೆ ಊರಿಗೆ ಬರಬೇಕು. ಆಮೇಲೆ ಪಾರ್ಟ್ ಟೈಮ್ ಕೆಲಸ ಯಾವಾಗಿಂದ ಮಾಡಬಹುದು?

ಕಾಗದಪತ್ರ:

ಟೈಮು ಸಾಕು, ಆದರೆ ನವೆಂಬರ್ ಮೊದಲ ವಾರ ನೋಂದಣಿ, ಅದೇ ವಾರ ಪರ್ಮಿಟ್ ಅರ್ಜಿ, ತಡ ಬೇಡ. ಅಪಾಯಿಂಟ್‌ಮೆಂಟ್ ಜನವರಿ 15 ದಾಟಿ ಸಿಕ್ಕರೂ ಪರವಾಗಿಲ್ಲ, ಅರ್ಜಿ ವೀಸಾ ಜೀವಂತ ಇರುವಾಗ ತಲುಪಿದ್ದಕ್ಕೆ ದಾಖಲೆ ಇರಬೇಕು. ಹಾಗಿದ್ದರೆ ತೀರ್ಮಾನ ಆಗುವವರೆಗೆ ಹಳೆಯ ಹಕ್ಕು ಮುಂದುವರಿಯುತ್ತದೆ, ಅದಕ್ಕೆ ಕೊಡುವ ಕಾಗದ ಫಿಕ್ಸಿಯೋನ್ಸ್‌ಬೆಶೈನಿಗುಂಗ್. ಒಂದು ದಿನ ತಡವಾದರೂ ಆ ಕೊಂಡಿ ಕಳಚುತ್ತದೆ.

ಅರ್ಜಿ ಜೊತೆ ಹೋಗುವುದು: ಪಾಸ್‌ಪೋರ್ಟು, ನೋಂದಣಿ ಪತ್ರ, ಯೂನಿವರ್ಸಿಟಿಯ ಎನ್‌ರೋಲ್‌ಮೆಂಟ್ ಪತ್ರ, ಸರ್ಕಾರಿ ವಿಮೆಯ ಪತ್ರ, ಬ್ಲಾಕ್ಡ್ ಅಕೌಂಟಿನ ದಾಖಲೆ, ಬಾಡಿಗೆ ಕರಾರು. ಶುಲ್ಕ 100 ಯೂರೊ. ಫೋಟೊ ಪ್ರಿಂಟು ಹಾಕಿಸಿಕೊಂಡು ಹೋಗಬೇಡಿ. 2025ರ ಮೇ 1ರಿಂದ ಡಿಜಿಟಲ್ ಫೋಟೊ ಮಾತ್ರ: ಕಚೇರಿಯಲ್ಲೇ ಇರುವ ಯಂತ್ರದಲ್ಲಿ, ಇಲ್ಲವೇ ಮಾನ್ಯತೆ ಪಡೆದ ಸ್ಟುಡಿಯೊದಲ್ಲಿ ತೆಗೆಸಿದರೆ ಒಂದು ಕೋಡು ಕೊಡುತ್ತಾರೆ.

ಮದುವೆ: ಜನವರಿ 15ರೊಳಗೆ ವಾಪಸ್ ಇಳಿಯುವುದಾದರೆ ವೀಸಾದ ಮೇಲೇ ಹೋಗಿ ಬನ್ನಿ, ಬೇರೇನೂ ಬೇಡ. ವೀಸಾ ಸಿಂಗಲ್ ಎಂಟ್ರಿಯೋ ಮಲ್ಟಿಪಲ್ಲೋ ಎಂದು ಈಗಲೇ ಸ್ಟಿಕ್ಕರ್ ನೋಡಿ. ದಾಟುವುದಾದರೆ ಫಿಕ್ಸಿಯೋನ್ಸ್ ಕಾಗದದಲ್ಲಿ ಯಾವ ಕಲಮಿಗೆ ಗುರುತು ಹಾಕಿದ್ದಾರೆ ನೋಡಬೇಕು. ವಿದೇಶಿಯರ ವಾಸದ ಕಾಯ್ದೆಯ 81ನೇ ಕಲಮಿನ 4ನೇ ಉಪಕಲಮು ಆದರೆ ಹೊರಗೆ ಹೋಗಿ ಮರಳಬಹುದು, 3ನೇದಾದರೆ ಮರಳುವ ಹಕ್ಕಿಲ್ಲ. 4ನೇದೇ ಆಗಿದ್ದರೂ ಗಲ್ಫ್ ಮೂಲಕ ಹೋಗುವ ವಿಮಾನದ ಚೆಕ್‌ಇನ್ ಕೌಂಟರಿನಲ್ಲಿ ಈ ಹಾಳೆಯನ್ನು ನೋಡಿಯೇ ಇರದ ಸಿಬ್ಬಂದಿ ಸಿಗಬಹುದು, ಹಳೆಯ ವೀಸಾ ಪುಟವನ್ನೂ ಜೊತೆಗೇ ತೋರಿಸಿ.

ರೈನ್‌ದಡ:

ಕೆಲಸದ ಬಗ್ಗೆ. 2024ರ ಮಾರ್ಚಿನಿಂದ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ. ಹಳೆಯ ಪೋಸ್ಟುಗಳಲ್ಲಿ 120 ಮತ್ತು 240 ಅಂತ ಇದ್ದರೆ ಅದು ಹಿಂದಿನ ನಿಯಮ. ವೀಸಾದಲ್ಲೇ ಕೆಲಸದ ಅನುಮತಿ ಬರೆದಿದ್ದರೆ ಪರ್ಮಿಟ್ಟಿಗೆ ಕಾಯಬೇಕಿಲ್ಲ. ಯೂನಿವರ್ಸಿಟಿಯ ವಿದ್ಯಾರ್ಥಿ ಸಹಾಯಕರ ಕೆಲಸ ಈ ಎಣಿಕೆಗೆ ಸೇರುವುದಿಲ್ಲ. ಆದರೆ ವಿಮೆಯವರ ನಿಯಮ ಬೇರೆ: ತರಗತಿ ನಡೆಯುವ ತಿಂಗಳುಗಳಲ್ಲಿ ವಾರಕ್ಕೆ 20 ಗಂಟೆ ದಾಟಿದರೆ ಅವರ ಲೆಕ್ಕದಲ್ಲಿ ನೀವು ವಿದ್ಯಾರ್ಥಿಯಲ್ಲ, ನೌಕರ. ಸ್ವಂತ ಬಿಲ್ಲು ಹಾಕುವ ಫ್ರೀಲಾನ್ಸ್‌ಗೆ ಪ್ರತ್ಯೇಕ ಅನುಮತಿ ಬೇಕು, ಅನುಮತಿಯಿಲ್ಲದೆ ಡೆಲಿವರಿ ಕೆಲಸಕ್ಕೆ "ಸೆಲ್ಫ್ ಎಂಪ್ಲಾಯ್ಡ್" ಅಂತ ಸಹಿ ಹಾಕಬೇಡಿ. ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೊ, ಮಿನಿಜಾಬ್ (ಚಿಕ್ಕ ಅರೆಕಾಲಿಕ ಕೆಲಸ) ಗಳಿಕೆಯ ಮಿತಿ ತಿಂಗಳಿಗೆ 603.

ಕೆಲಸಕ್ಕೆ ಸೇರುವಾಗ 11 ಅಂಕಿಯ ತೆರಿಗೆ ಗುರುತಿನ ಸಂಖ್ಯೆ ಕೇಳುತ್ತಾರೆ. ಮೊದಲ ನೋಂದಣಿ ಆದ ಕೆಲವು ವಾರಕ್ಕೆ ತಾನಾಗಿಯೇ ಅಂಚೆಯಲ್ಲಿ ಬರುತ್ತದೆ, ಇಮೇಲ್ ಫೋನಿನಲ್ಲಿ ಹೇಳುವುದಿಲ್ಲ. ಅದನ್ನು ಕೊಡದಿದ್ದರೆ ಸಂಬಳಕ್ಕೆ ಆರನೇ ತೆರಿಗೆ ವರ್ಗ ಹಾಕಿ ಹೆಚ್ಚು ಕತ್ತರಿಸುತ್ತಾರೆ. ಅದು ವಾಪಸ್ ಬರುತ್ತದೆ, ಆದರೆ ಅಲ್ಲಿಯವರೆಗೆ ಕೈ ಕಟ್ಟಿದಂತೆ.

ನೋಂದಣಿಯ ಹಿಂದೆಯೇ ಇನ್ನೊಂದು ಪತ್ರ ಬರುತ್ತದೆ, ಟಿವಿ ರೇಡಿಯೊ ಶುಲ್ಕದ್ದು, ಮನೆಗೊಂದರಂತೆ ತಿಂಗಳಿಗೆ 18.36 ಯೂರೊ. ಟಿವಿ ಇಲ್ಲ ಅಂದರೂ ಬಿಡುವುದಿಲ್ಲ. ನಿಮ್ಮದು ಶೇರ್ಡ್ ಫ್ಲಾಟಾದ್ದರಿಂದ ಅಲ್ಲಿ ಈಗಾಗಲೇ ಒಬ್ಬರು ಕಟ್ಟುತ್ತಿರುತ್ತಾರೆ. ಅವರ ಸಂಖ್ಯೆ ಇಸಿದುಕೊಂಡು ಉತ್ತರದ ಫಾರ್ಮಿನಲ್ಲಿ ತುಂಬಿ, ನಿಮ್ಮ ಪಾಲು ಅವರಿಗೆ ಕೊಡಿ. ಪತ್ರವನ್ನು ಕಸಕ್ಕೆ ಹಾಕಿದರೆ ಶುಲ್ಕದ ಕಚೇರಿಯವರೇ ನಿಮ್ಮ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದು ನೋಂದಣಿ ದಿನದಿಂದ ಬಾಕಿ ಎಣಿಸುತ್ತಾರೆ.

ಮೂರುಸೀಟಿ:

ಒಂದು ಬಿಟ್ಟುಹೋಗಿತ್ತು. ಸೆಪ್ಟೆಂಬರ್ 24ಕ್ಕೆ ಇಳಿದ ಕೂಡಲೇ ಡಾಯ್ಚ್‌ಲಾಂಡ್‌ಟಿಕೆಟ್ (ದೇಶದೆಲ್ಲೆಡೆ ಲೋಕಲ್ ಬಸ್ಸು ರೈಲಿಗೆ ನಡೆಯುವ ತಿಂಗಳ ಪಾಸು) ಕೊಳ್ಳಬೇಡಿ. ಅದು ಕ್ಯಾಲೆಂಡರ್ ತಿಂಗಳಿನ ಲೆಕ್ಕ, 63 ಯೂರೊ, 30ಕ್ಕೆ ಮುಗಿದು ತಾನಾಗಿ ಮುಂದುವರಿಯುತ್ತದೆ. ರದ್ದು ಮಾಡಲು ಆಯಾ ತಿಂಗಳ 10ನೇ ತಾರೀಖಿನೊಳಗೆ ಹೇಳಿರಬೇಕು, ಅಂದರೆ ಸೆಪ್ಟೆಂಬರಿನ ಗಡುವು ಆಗಲೇ ದಾಟಿರುತ್ತದೆ. ಸೆಮೆಸ್ಟರ್ ಶುಲ್ಕದಲ್ಲಿ ಟಿಕೆಟ್ ಸೇರಿದೆಯೇ ಎಂದು ಯೂನಿವರ್ಸಿಟಿಯ ಪುಟದಲ್ಲಿ ನೋಡಿ. ಸೇರಿದ್ದರೆ ಅಕ್ಟೋಬರ್ 1ರಿಂದ ಅದೇ ನಡೆಯುತ್ತದೆ, ಮೊದಲ ವಾರಕ್ಕೆ ಊರೊಳಗಿನ ವಾರದ ಪಾಸು ಸಾಕು.

ತರಗತಿ ವೇಳಾಪಟ್ಟಿಯಲ್ಲಿ 10 ಸಿ.ಟಿ. ಅಂತ ಇದ್ದರೆ ಪಾಠ ಶುರುವಾಗುವುದು 10.15ಕ್ಕೆ, ಎಸ್.ಟಿ. ಅಂತ ಇದ್ದರೆ ಸರಿಯಾಗಿ ಹತ್ತಕ್ಕೆ. ಪರೀಕ್ಷೆಗೆ ಬೇರೆಯಾಗಿ ಪೋರ್ಟಲ್‌ನಲ್ಲಿ ಹೆಸರು ಕೊಡಬೇಕು, ಪಾಠಕ್ಕೆ ಸೇರಿದ ಮಾತ್ರಕ್ಕೆ ಆಗದು. ಹೆಸರು ಕೊಡುವ ಅವಧಿ ಎಷ್ಟೋ ಕಡೆ ಪರೀಕ್ಷೆಗೆ ವಾರಗಳ ಮೊದಲೇ ಮುಚ್ಚುತ್ತದೆ, ನೀವು ಮದುವೆ ಮನೆಯಲ್ಲಿರುವ ಹೊತ್ತಿಗೇ ಬಿದ್ದರೂ ಬೀಳಬಹುದು. ಹೊರಡುವ ಮೊದಲು ತಾರೀಖು ನೋಡಿಕೊಂಡು ಹೋಗಿ.